ಪೇಮಾಳ ಬಯಕೆ ಊಟ

ಬಸವಕಲ್ಯಾಣ
೧೮ ಮಾರ್ಚ್ ೧೯೮೪, ರವಿವಾರ

ಚಿರಂಜೀವಿ ತಮ್ಮ ಮಚ್ಚೇಂದ್ರನಿಗೆ,

ನಿನ್ನ ಅಕ್ಕ ಸುಂದರಬಾಯಿಯ ಜೈಭೀಮ ಮತ್ತು ಆಶೀರ್ವಾದ. ಇಲ್ಲಿ ನಾವೆಲ್ಲ ಕ್ಷೇಮ ಅಂತ ಮೊದಲು ಬರೆದು, ಉಳಿದದ್ದನ್ನು ಆಮೇಲೆ ಬರೆಯುವುದು ರೂಢಿ. ಈ ಸಲ ಆ ಸಾಲು ಬರೆಯಲು ಕೈ ಏಳಲಿಲ್ಲ, ಅದಕ್ಕೇ ಕಾಗದ ಇಷ್ಟು ತಡವಾಯಿತು. ಸಾಲಿಯಲ್ಲಿ ಪರೀಕ್ಷೆಯ ಗಡಿಬಿಡಿ ಇತ್ತು ಅಂತ ಹೇಳಬಹುದು, ಹೇಳಿದರೆ ನೀನು ನಂಬುತ್ತೀ ಕೂಡ. ನೀನಂತೂ ಆ ಹಿಮದಲ್ಲಿ ಫೌಜಿನ ಲಾರಿ ಓಡಿಸುತ್ತಾ, "ಪೇಮಾನ್ನ ನೋಡ್ಕೋ ಅಕ್ಕ" ಅಂತ ಒಂದು ಸಾಲು ಬರೆದು ಕೈ ತೊಳೆದುಕೊಳ್ಳುತ್ತೀ. ನೋಡಿಕೊಳ್ಳುವುದು ಅಂದರೆ ಏನು ಅಂತ ಇಲ್ಲಿದ್ದವರಿಗೆ ಗೊತ್ತು.

ಅಪ್ಪನ ಮೊಣಕಾಲು ನೋವು ಹಾಗೇ ಇದೆ. ಅವ್ವನ ಬಾಯಿಯೂ ಹಾಗೇ ಇದೆ. ನಿನ್ನ ಹೆಂಡತಿ ಪೇಮಾಗೆ ಏಳನೇ ತಿಂಗಳು ಬಿತ್ತು. ಹೊಟ್ಟೆ ಮುಂದೆ ಬಂದಿದೆ, ಮುಖ ಮಾತ್ರ ಒಳಗೆ ಹೋಗಿದೆ. ದವಾಖಾನೆಯ ನರ್ಸಬಾಯಿ ತೂಕ ನೋಡಿ, "ಬಸುರಿ ಏರಬೇಕು, ಈಕಿ ಇಳಿಯಾಕತ್ತಾಳ. ಹಿಂಗೇ ಆದ್ರ ಕೂಸಿನ ಆಸೆ ಬಿಡ್ರಿ, ತಾಯೀದೂ ಹೇಳಾಕ ಬರಂಗಿಲ್ಲ" ಅಂತ ನನ್ನ ಮುಖದ ಮೇಲೇ ಅಂದಳು. ನಾನು ತಲೆ ತಗ್ಗಿಸಿ ಕೇಳಿಸಿಕೊಂಡು ಬಂದೆ. ಮನೆಯಲ್ಲಿ ಊಟಕ್ಕೆ ಗತಿಯಿಲ್ಲದೆ ಒಣಗಿಸಿದ್ದೇವೆ ಅಂದುಕೊಂಡಿರಬೇಕು ಆಕೆ.

ಜೋಳದ ರೊಟ್ಟಿಯನ್ನು ಪೇಮಾ ಗುಳಿಗೆ ನುಂಗಿದ ಹಾಗೆ ನುಂಗುತ್ತಾಳೆ. ಪುಂಡಿಪಲ್ಯದ ವಾಸನೆ ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಾಳೆ. ಅನ್ನ ಕೊಟ್ಟರೆ ಎರಡು ತುತ್ತು, ಸಾಕು. "ಏನರ ಒಂದ್ ತಿನ್ನ ನಮ್ಮವ್ವ, ಏನ್ ಬೇಕು ಹೇಳ" ಅಂತ ಅವ್ವ ದಿನಾ ಬೇಡಿಕೊಳ್ಳುತ್ತಾಳೆ, ಅದೂ ಕನ್ನಡದಲ್ಲಿ. ಜೋರಾಗಿ ಹೇಳಿದರೆ ಆ ಹುಡುಗಿಗೆ ಕನ್ನಡ ತಿಳಿಯುತ್ತದೆ ಅಂತ ಅವ್ವನ ತಿಳುವಳಿಕೆ. ಪೇಮಾ ನಗುತ್ತಾಳೆ, ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾಳೆ.

ಕೊನೆಗೆ ನಾನೇ ಕೂತು ಕೇಳಿದೆ. ನನ್ನದು ಬಜಾರದ ಹಿಂದಿ, ಆಕೆಯದು ನಿನ್ನಿಂದ ಕಲಿತ ಫೌಜಿ ಹಿಂದಿ, ಎರಡೂ ಕೂಡಿ ಹೇಗೋ ನಡೆಯುತ್ತದೆ. ಮೊದಲು ಏನೂ ಬೇಡ ಅಂದಳು. ಆಮೇಲೆ ಮೆಲ್ಲಗೆ "ಥುಕ್ಪಾ" ಅಂದಳು. ಹಾಗಂದರೇನು ಅಂದೆ. ಗೋಡೆಯ ಮೇಲೆ ಬೆರಳಿನಿಂದ ಉದ್ದುದ್ದ ಗೆರೆ ಎಳೆದು ತೋರಿಸಿದಳು. ಮೈದಾದ ಉದ್ದ ಎಳೆಗಳು, ಕುದಿಯುವ ರಸ, ಅದರಲ್ಲಿ ಹಂದಿ ಮಾಂಸ, ಮೂಲಂಗಿ, ಎಲೆಕೋಸು, ಹಸಿರು ಸೊಪ್ಪು. ಅಲ್ಲಿ ಬೆಟ್ಟದ ಮೇಲಿನ ತನ್ನೂರು ಕಾಲಿಂಪಾಂಗಿನ ಚಳಿಯಲ್ಲಿ ಕಿಟಕಿ ಮುಚ್ಚಿಕೊಂಡು ಆಕೆಯ ಆಮಾ, ಅಂದರೆ ತಾಯಿ, ಮಾಡಿಕೊಡುತ್ತಿದ್ದಳಂತೆ. ಹೇಳುತ್ತಾ ಹೇಳುತ್ತಾ ಆಕೆಯ ಬಾಯಲ್ಲಿ ನೀರು ಬಂತು, ಕಣ್ಣಲ್ಲೂ ಬಂತು.

ಹಂದಿಯ ವಿಷಯ ನಾನು ಮೊದಲು ಬಾಯಿಬಿಡಲಿಲ್ಲ. "ಇಷ್ಟೇ ಏನು? ಶಾವಿಗಿ ನಮಗ ಬರಂಗಿಲ್ಲೇನು?" ಅಂತ ಅವ್ವ ಹೋದ ಬೇಸಿಗೆಯ ಶಾವಿಗೆ ತೆಗೆದು, ಕುರಿ ಮಾಂಸದ ರಸದಲ್ಲಿ ಹಾಕಿ, ತನ್ನ ಮಸಾಲೆ ಖಾರವನ್ನೂ ಧಾರಾಳವಾಗಿ ಸುರಿದು ಕುದಿಸಿದಳು. ಅದು ಗಂಜಿಯಾಯಿತು. ಪೇಮಾ ಅವ್ವನ ಮುಖ ನೋಡಿ ನೋಡಿ ಅಷ್ಟೂ ತಿಂದಳು, ಹಿತ್ತಲಿಗೆ ಹೋಗಿ ಅಷ್ಟೂ ಕಕ್ಕಿದಳು. ಆಮೇಲೆ ನಮ್ಮ ಓಣಿಯ ಬಸ್ ಕಂಡಕ್ಟರ್ ಏಕನಾಥನಿಗೆ ಹೇಳಿ, ಹೈದರಾಬಾದಿನಿಂದ ಆ ಹೊಸ ನಮೂನೆಯ ಶಾವಿಗೆ ಪಾಕೀಟು ತರಿಸಿದೆ. ಒಳಗೆ ಗುಂಗುರು ಕೂದಲಿನಂಥ ಒಣ ಗಟ್ಟಿ, ಜೊತೆಗೆ ಒಂದು ಮಸಾಲೆ ಚೀಟಿ. ಕುದಿಸಿಕೊಟ್ಟರೆ ಎಳೆಗಳನ್ನೆಲ್ಲ ಆಸೆಯಿಂದ ತಿಂದಳು, ರಸ ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟಳು. "ದೀದಿ, ಹಂದಿ ಬೇಯದಿದ್ದರೆ ಇದು ಬರೀ ಬಿಸಿನೀರು" ಅಂದಳು. ಅವತ್ತು ನಾನು ಅಪ್ಪನ ಮುಂದೆ ಬಾಯಿ ತೆಗೆಯಲೇಬೇಕಾಯಿತು.

ಅಪ್ಪನ ಸ್ವಭಾವ ನಿನಗೆ ಹೇಳಬೇಕಿಲ್ಲ. ಐವತ್ತಾರರಲ್ಲಿ ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದವನೇ ಹಂದಿ ಬೇಯುತ್ತಿದ್ದ ಮನೆಯ ಹಳೇ ಗಡಿಗೆಗಳನ್ನೆಲ್ಲ ಒಡೆದು ಹಾಕಿದವನು. ನಾನು ಹಂದಿ ಅಂದ ಕೂಡಲೇ ಎದ್ದು ನಿಂತ. "ಮಂದಿ ನಮ್ಮ ಗಂಗಾಳ ಇಣುಕಿ ನೋಡಿ ನಮ್ಮನ್ನ ಅಳದಾರ, ಸುಂದ್ರಾ. ಆ ಗಂಗಾಳದಾಗ ಅವರಿಗಿ ಬಯ್ಯಾಕ ಏನೂ ಸಿಗಬಾರದು ಅಂತ ಎಲ್ಲಾ ಬಿಟ್ಟೀನಿ. ಈಗ ಮುದುಕ ಆದ ಮ್ಯಾಲ ನನ್ನ ಒಲಿ ಮ್ಯಾಲ ಹಂದಿ ಬೇಯಿಸ್ತೀರೇನು?" ಅಂದ. ನಾನು ಸುಮ್ಮನಿರಲಿಲ್ಲ. ಅವರೂ ಬುದ್ಧನ್ನ ನಂಬೋರು ಅಂತ ಓಣಿಗೆಲ್ಲ ಪೇಡೆ ಹಂಚಿ ತಂದುಕೊಂಡ ಸೊಸೆ, ಈಗ ಆಕೆಯ ಊಟ ಬೇಡವಾಯಿತೇನು ಅಂದೆ. "ಬುದ್ಧ ಒಬ್ಬನೇ ಅದಾನ, ಊರು ಬ್ಯಾರೆ ಬ್ಯಾರೆ ಅವ" ಅಂತ ಹೇಳಿ ಕೊಡೆ ತೆಗೆದುಕೊಂಡು ಹೊರಗೆ ಹೋದ.

ತಮ್ಮಾ, ಅಪ್ಪ ತಪ್ಪು ಅನ್ನಲು ನನಗೆ ಬಾಯಿ ಬರಲಿಲ್ಲ. ಆತ ನುಂಗಿದ ಮಾತುಗಳನ್ನು ನಾವು ನುಂಗಿಲ್ಲ. ಪೇಮಾಳದು ತಪ್ಪು ಅನ್ನಲೂ ಆಗಲಿಲ್ಲ, ತನ್ನ ಮನೆಯ ಊಟ ಕೇಳಿದಳು ಅಷ್ಟೇ. ಇಬ್ಬರ ನಡುವೆ ಸಿಕ್ಕು ನಾನು ಸಾಲಿಗೆ ಹೋಗಿ ಪಾಪದ ಮಕ್ಕಳಿಗೆ ಬಡಿದು ಬಂದೆ. ಅವ್ವ ಒಂದೇ ಸಮನೆ, ಬಸುರಿಯ ಬಯಕೆ ತೀರದಿದ್ದರೆ ಹುಟ್ಟಿದ ಕೂಸಿನ ಕಿವಿ ಸೋರುತ್ತದೆ, ಮೊಮ್ಮಗನ ಕಿವಿ ನೋಡುವಾಗೆಲ್ಲ ನಿನ್ನ ಹಟ ನೆನಪಾಗಲಿ ಅಂತ ಅಪ್ಪನಿಗೆ ಕೇಳುವಂತೆ ಗೊಣಗುತ್ತಿದ್ದಳು. ಅಪ್ಪ ಬುದ್ಧ ವಿಹಾರದಲ್ಲಿ ಹೋಗಿ ಕೂತರೆ ಊಟಕ್ಕೂ ಬರುತ್ತಿರಲಿಲ್ಲ.

ಇನ್ನೊಂದು ಕಷ್ಟ ಇತ್ತು. ನಮ್ಮ ಹಿತ್ತಲ ಗೋಡೆಗೆ ಹೊಂದಿಯೇ ಯುನೂಸ್ ಭಾಯಿಯ ಮನೆ. ಅವನ ಹೆಂಡತಿ ತಾಹೇರಾ ಎಂಥವಳು ಅಂತ ನಿನಗೆ ಗೊತ್ತು, ಅವ್ವ ಬಿದ್ದಾಗ ತಿಂಗಳುಗಟ್ಟಲೆ ನಮ್ಮ ಮನೆಯ ನೀರು ತುಂಬಿಕೊಟ್ಟವಳು. ಅವಳ ಗೋಡೆಯ ಪಕ್ಕ ಇದನ್ನು ಹೇಗೆ ಬೇಯಿಸುವುದು? ನಾಚಿಕೆ ಬಿಟ್ಟು ಹೋಗಿ ಹೇಳಿದೆ. ತಾಹೇರಾ, "ಬಸುರಿ ಬಯಕಿ ಅದ, ನಾ ಏನ್ ಅನ್ಲಿ ಬಾಯಿ? ನೀವ್ ಮಾಡ್ರಿ. ಯಾವತ್ತ ಮಾಡ್ತೀರಿ ಅಂತ ಹೇಳ್ರಿ ಸಾಕು, ಅವತ್ತ ಮಕ್ಕಳನ್ನ ಕರಕೊಂಡು ರಾಜೇಶ್ವರ ಊರಿಗಿ ನಮ್ಮ ಅಮ್ಮಿ ಮನಿಗಿ ಹೋಗ್ತೀನಿ" ಅಂದಳು. ಅವ್ವ ಗೋಡೆಯ ಈಚೆಯಿಂದ ಕೇಳಿಸಿಕೊಂಡು, ಗುರುವಾರ ಏಳು ತಿಂಗಳ ಕುಬಸ ಇಟ್ಟುಕೊಳ್ಳೋಣ, ಆ ದಿನವೇ ಬಯಕೆ ಊಟ ಅಂತ ಸಾರಿಬಿಟ್ಟಳು. ಮಾಂಸ ಯಾರು ತರುತ್ತಾರೆ ಅನ್ನುವುದನ್ನು ಮಾತ್ರ ಯಾರೂ ಎತ್ತಲಿಲ್ಲ.

ಬುಧವಾರ ಅಪ್ಪ ಹೇಳದೆ ಕೇಳದೆ ಹುಮನಾಬಾದಿನ ಬಸ್ಸು ಹತ್ತಿದ್ದಾನೆ. ಇಲ್ಲಿ ಕೊಂಡರೆ ಊರಿಗೆಲ್ಲ ಗೊತ್ತಾಗುತ್ತದೆ ಅಂತ. ಅಲ್ಲಿ ಊರ ಹೊರಗೆ ಹಂದಿ ಸಾಕುವ ಗುಂಡಪ್ಪ ಅನ್ನುವವನನ್ನು ಹುಡುಕಿ ಅವತ್ತು ರಾತ್ರಿ ಅವನ ಅಂಗಳದಲ್ಲೇ ಮಲಗಿ, ಗುರುವಾರ ಬೆಳಿಗ್ಗೆ ಮಾಂಸ ಎಲೆಯಲ್ಲಿ ಸುತ್ತಿ, ಟವೆಲಿನಲ್ಲಿ ಕಟ್ಟಿ, ಚೀಲದಲ್ಲಿಟ್ಟುಕೊಂಡು ಬಂದ. ಬಸ್ಸಿನಲ್ಲಿ ಪರಿಚಯದವರೊಬ್ಬರು ಪಕ್ಕಕ್ಕೇ ಕೂತು, "ತೊಡಿ ಮ್ಯಾಲ ಏನ್ ಇಟಗೊಂಡೀರಿ ದೇವಿಂದ್ರಪ್ಪ?" ಅಂತ ಕೇಳಿದರಂತೆ. "ಸೊಸೀಗಿ ಔಷಧ" ಅಂದನಂತೆ. ಜೀವಮಾನದಲ್ಲಿ ಸುಳ್ಳು ಹೇಳದ ಮನುಷ್ಯ ಅದನ್ನು ಮನೆಗೆ ಬಂದು ಎರಡೆರಡು ಸಲ ಹೇಳಿಕೊಂಡ. ಚೀಲ ಬೇವಿನ ಗಿಡದ ಬುಡದಲ್ಲಿಟ್ಟು ಮೈ ತೊಳೆಯಲು ಹೋದ.

ಹಿತ್ತಲಲ್ಲಿ ಕಲ್ಲು ಹೂಡಿ ಬೇರೆ ಒಲೆ ಹಚ್ಚಿದೆವು, ಪಾತ್ರೆಯೂ ಬೇರೆ. ಆವತ್ತು ನಿನ್ನ ಹೆಂಡತಿಯನ್ನು ನೀನು ನೋಡಬೇಕಿತ್ತು. ಈ ಮನೆಗೆ ಬಂದಾಗಿನಿಂದ ಗೋಡೆಗೆ ಒತ್ತಿಕೊಂಡು ಓಡಾಡುವವಳು ಅಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ನಮಗೆಲ್ಲ ಹುಕುಂ ಕೊಟ್ಟಳು. ಮಾಂಸವನ್ನು ಚರ್ಬಿ ಸಮೇತ ದೊಡ್ಡ ತುಂಡು ಮಾಡಿ, ಹಸಿ ಶುಂಠಿ, ಬಳ್ಳೊಳ್ಳಿ ಜಜ್ಜಿ ಹಾಕಿ, ಸಣ್ಣ ಉರಿಯಲ್ಲಿ ಬೇಯಲು ಇಟ್ಟಳು. ಮೇಲೆ ಬಂದ ನೊರೆಯನ್ನು ಸೌಟಿನಿಂದ ತೆಗೆದು ತೆಗೆದು ಚೆಲ್ಲಿದಳು. ಮೈದಾಕ್ಕೆ ತತ್ತಿ ಒಡೆದು ಹಾಕಿ ಗಟ್ಟಿಯಾಗಿ ನಾದಿ, ತೆಳ್ಳಗೆ ಲಟ್ಟಿಸಿ, ಹಿಟ್ಟು ಉದುರಿಸಿ ಮಡಚಿ, ಚಾಕುವಿನಿಂದ ಸಣ್ಣಗೆ ಕೊಯ್ದು ಕೊಡವಿದರೆ ಉದ್ದ ಎಳೆಗಳು. ಅವ್ವ ಮಸಾಲೆ ಡಬ್ಬಿ ಹಿಡಿದು ಪಕ್ಕದಲ್ಲೇ ಕಾದು ನಿಂತಿದ್ದಳು, ಒಂದು ಚಮಚ ಅರಿಶಿಣವಾದರೂ ಹಾಕಲಿ ಅಂತ. ಪೇಮಾ ಅವ್ವನ ಕೈ ಹಿಡಿದು ಡಬ್ಬಿ ಮುಚ್ಚಿಸಿದಳು. "ಇದೇನ್ ಅಡಗಿಯೋ, ಬಣ್ಣಾ ಇಲ್ಲ ಬರಕತ್ತೂ ಇಲ್ಲ" ಅಂತ ಅವ್ವ ಮುನಿಸಿಕೊಂಡು ಹೋಗಿ ಕಟ್ಟೆಯ ಮೇಲೆ ಕೂತಳು. ಕೊನೆಗೆ ಮೂಲಂಗಿ, ಎಲೆಕೋಸು, ಗಜ್ಜರಿ, ಪಾಲಕ, ಮೇಲೆ ಉಳ್ಳಾಗಡ್ಡಿ ಸೊಪ್ಪು.

ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಅವ್ವ ಉಡಿ ತುಂಬಿದಳು. ಆಮೇಲೆ ಪೇಮಾ ಬಟ್ಟಲು ಹಿಡಿದು ಕೂತಳು. ಸುರ್ ಅಂತ ಎಳೆಗಳನ್ನು ಎಳೆದು ಎಳೆದು ತಿಂದಳು, ಮೂಗಿನಲ್ಲಿ ನೀರು, ಗದ್ದದ ಮೇಲೆ ರಸ, ಮತ್ತೊಂದು ಬಟ್ಟಲು, ಮತ್ತೊಂದು. ನಗುತ್ತಾ ತಿಂದಳು. ಅವ್ವ ಮುನಿಸು ಮರೆತು ಬೀಸಣಿಗೆ ಬೀಸಿದಳು. ಅಪ್ಪ ಅದನ್ನು ಮುಟ್ಟಲಿಲ್ಲ, ಆದರೆ ತನ್ನ ರೊಟ್ಟಿ ಗಂಗಾಳ ತೆಗೆದುಕೊಂಡು ಬಂದು ಆಕೆಯ ಸಾಲಿನಲ್ಲೇ ಕೂತು ಉಂಡ. ನನಗೆ ಅಳು ಬಂತು ತಮ್ಮಾ. ಗೆದ್ದೆವು, ಇನ್ನು ಈ ಹುಡುಗಿ ಉಳಿಯುತ್ತಾಳೆ ಅಂದುಕೊಂಡೆ.

ಮರುದಿನ ಬೆಳಿಗ್ಗೆ ನೋಡಿದರೆ ಪೇಮಾ ತಲೆ ಬಾಚಿ, ನೀನು ಕೊಡಿಸಿದ ಆ ಕಬ್ಬಿಣದ ಟ್ರಂಕು ಬಾಗಿಲಿಗೆ ತಂದಿಟ್ಟುಕೊಂಡು ಅದರ ಮೇಲೆ ಕೂತಿದ್ದಾಳೆ. ಎಲ್ಲಿಗೆ ಅಂದೆ. "ಆಮಾ ಬರ್ತಾಳಲ್ಲ" ಅಂದಳು. ತಾಹೇರಾ ಹಿಂದಿನ ವಾರ ಆಕೆಗೆ ಪ್ರೀತಿಯಿಂದ ನಮ್ಮ ಕಡೆಯ ಪದ್ಧತಿ ಎಲ್ಲ ತಿಳಿಸಿ ಹೇಳಿದ್ದಾಳೆ: ಏಳು ತಿಂಗಳಿಗೆ ಕುಬಸ ಮಾಡುತ್ತಾರೆ, ಬಯಕೆಯದು ಉಣಿಸುತ್ತಾರೆ, ಉಡಿ ತುಂಬುತ್ತಾರೆ, ಆಮೇಲೆ ತಾಯಿ ಬಂದು ತವರಿಗೆ ಕರೆದೊಯ್ಯುತ್ತಾಳೆ, ಮೊದಲ ಹೆರಿಗೆ ತವರಿನಲ್ಲಿ. ಒಂದು ಮಾತೂ ಸುಳ್ಳಲ್ಲ. ಗುರುವಾರ ಆಕೆ ಅಷ್ಟು ನಕ್ಕದ್ದು, ಅಷ್ಟು ಉಂಡದ್ದು ಯಾಕೆ ಅಂತ ನನಗೆ ಆಗ ತಿಳಿಯಿತು.

ಊರು ಬಹಳ ದೂರ, ಎಷ್ಟೋ ರೈಲು ಬದಲಿಸಬೇಕು, ವಯಸ್ಸಾದ ಹೆಂಗಸು ಒಬ್ಬಳೇ ಹೇಗೆ ಬಂದಾಳು ಅಂದೆ. "ಆಮಾ ಗಟ್ಟಿ ಹೆಂಗಸು ದೀದಿ, ಬರ್ತಾಳೆ" ಅಂದಳು. ಇಲ್ಲೇ ಹೆರಿಗೆ ಮಾಡಿಸೋಣ, ನಾನಿದ್ದೇನೆ, ಅವ್ವ ಇದ್ದಾಳೆ ಅಂದೆ. ತಲೆ ಆಡಿಸಿದಳು, ಟ್ರಂಕು ಮಾತ್ರ ಒಳಗೆ ಇಡಲಿಲ್ಲ. ಶುಕ್ರವಾರದಿಂದ ಮತ್ತೆ ಎರಡೇ ತುತ್ತು. ಆಮಾ ಬಂದ ಮೇಲೆ ಕೂಡಿ ಉಣ್ಣುತ್ತಾಳಂತೆ. ಅಪ್ಪ ಇನ್ನೊಮ್ಮೆ ಹುಮನಾಬಾದಿಗೆ ಹೋಗಲೇನು ಅಂತ ತಾನಾಗಿಯೇ ಕೇಳಿದ. ಬೇಡ ಅಂದೆ.

ರಜೆ ಸಿಗುತ್ತದೋ ಇಲ್ಲವೋ, ಸಾಹೇಬರ ಕಾಲು ಹಿಡಿ, ಏನಾದರೂ ಮಾಡು, ಬಾ. ನನಗೆ ಗೊತ್ತಿದ್ದ ಉಪಾಯಗಳೆಲ್ಲ ಮುಗಿದವು. ಹಿಮದಲ್ಲಿ ಕಿವಿ ಕಟ್ಟಿಕೊಂಡು ಓಡಾಡು, ಲಾರಿ ಮೆಲ್ಲಗೆ ಓಡಿಸು. ಅಪ್ಪ ಅವ್ವ ಇಬ್ಬರೂ ನಿನ್ನ ಹೆಸರು ಹೇಳಿ ದೀಪ ಹಚ್ಚುತ್ತಾರೆ. ಬುದ್ಧ ಭಗವಾನ ನಿನ್ನ ಬೆನ್ನಿಗಿರಲಿ, ನಿನ್ನ ಸಂಸಾರ ನೂರು ಕಾಲ ತಣ್ಣಗಿರಲಿ.

ನಿನ್ನ ಅಕ್ಕ,
ಸುಂದರಬಾಯಿ

ತಾ. ಕ.: ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ರಜೆ ಮುಗಿಸಿ ಬಸ್ಸು ಹತ್ತುವಾಗ ನೀನು ಹೇಳಿ ಹೋದ ಮಾತನ್ನು ನಾನು ಇಂದಿಗೂ ಯಾರಿಗೂ ಹೇಳಿಲ್ಲ, ಅವ್ವನಿಗೂ ಇಲ್ಲ. ಪೇಮಾಳ ತಾಯಿ ತೀರಿಕೊಂಡ ತಂತಿ ನಿನ್ನ ಕೈಗೆ ಬಂದಿತ್ತು. ಬಸುರಿಗೆ ಸಾವಿನ ಸುದ್ದಿ ಹೇಳಬಾರದು, ಹೆರಿಗೆ ಆಗಲಿ ಅಕ್ಕ ಅಂತ ನೀನು ಅಂದೆ, ನಾನೂ ಹೂಂ ಅಂದೆ. ಇಲ್ಲಿ ಯಾರು ಇದ್ದರೂ ಹಾಗೇ ಮಾಡುತ್ತಿದ್ದರು. ಈಗ ಹೇಳಿದರೆ ಆಕೆ ಉಳಿಯುವಳೋ ಇಲ್ಲವೋ, ಹೇಳದಿದ್ದರೆ ಉಣ್ಣುವುದಿಲ್ಲ. ಗುರುವಾರದ ಥುಕ್ಪಾದ ರಸ ಒಂದು ಡಬರಿ ಆಮಾಗೆ ಅಂತ ಎತ್ತಿಟ್ಟಿದ್ದಾಳೆ, ಕೆಡದಿರಲಿ ಅಂತ ಹೊತ್ತು ಹೊತ್ತಿಗೆ ಕುದಿಸುತ್ತಾಳೆ. ಈ ಬಿಸಿಲಿಗೆ ಎಷ್ಟು ದಿನ ನಿಂತೀತು. ಇವತ್ತು ಹಳಸಿದ ವಾಸನೆ ಬಂತು. ಚೆಲ್ಲಲು ಡಬರಿ ಎತ್ತಿದೆ. ಪೇಮಾ ಬಂದು ನನ್ನ ಕೈ ಹಿಡಿದು, "ಇನ್ನೊಂದು ಸಲ ಕುದಿಸಿದರೆ ಸರಿಹೋಗುತ್ತದೆ ದೀದಿ, ಆಮಾ ಬರುವ ತನಕ ತಡೆಯುತ್ತದೆ" ಅಂದಳು. ನಾನು ಒಲೆ ಹೊತ್ತಿಸಿ ಕೊಟ್ಟೆ.