ಕುರ್ಚಿಗಳಿಗೆ ಬೋಲ್ಟ್ ಹಾಕಿಸಿದ ನಿರ್ದೇಶಕರಿಗೆ

ಮಾನ್ಯ ನಿರ್ದೇಶಕರೇ,

ತುರ್ತು ಕರೆ ಕೇಂದ್ರದಲ್ಲಿ ನಾವು ಕೂರುವ ಕುರ್ಚಿಗಳ ಚಕ್ರ ಕೀಳಿಸಿ, ಅವುಗಳನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿಸಿದವರು ನೀವು. ಅದರ ಫಲವಾಗಿ ನನ್ನ ಪಕ್ಕದ ಲೈನಿನಲ್ಲಿ ಕರೆ ಎತ್ತುತ್ತಿದ್ದ, ನಾವು ದೊಡ್ಡಕ್ಕ ಎನ್ನುವವರು ಈಗ ಅಮಾನತಾಗಿ ಮನೆಯಲ್ಲಿದ್ದಾರೆ. ಮುಂದಿನ ವಾರ ವಿಚಾರಣೆ. ಕೆಲಸ ಹೋದಂತೆಯೇ ಎಂದು ಮೇಲ್ವಿಚಾರಕರ ಮುಖವೇ ಹೇಳುತ್ತಿದೆ. ನಾವೆಲ್ಲ ಸೇರಿ ನಿಮಗೆ ಮನವಿ ಕೊಟ್ಟೆವು, ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂತು. ನಿಮ್ಮ ಪರಿಶೀಲನೆ ಮುಗಿಯುವಷ್ಟರಲ್ಲಿ ದೊಡ್ಡಕ್ಕನ ಕೆಲಸವೂ ಮುಗಿದಿರುತ್ತದೆ ಎಂಬ ಭಯಕ್ಕೆ ಹೀಗೆ ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ.

ಓದುವವರಿಗೆ ಮೊದಲು ಕುರ್ಚಿಯ ವಿಷಯ ಹೇಳಬೇಕು. ನಮ್ಮದು ಕಿಟಕಿಯಿಲ್ಲದ ಹಾಲ್. ಕಿವಿಗೆ ಹೆಡ್‌ಫೋನು, ಎದುರಿಗೆ ಪರದೆ. ಜನ ತಮ್ಮ ಬದುಕಿನ ಅತಿ ಕೆಟ್ಟ ಗಳಿಗೆಯಲ್ಲಿ ನಮಗೆ ಫೋನು ಮಾಡುತ್ತಾರೆ. ಆಂಬುಲೆನ್ಸ್ ತಲುಪಿದ ಮೇಲೆ ಕರೆ ಕಡಿದುಹೋಗುತ್ತದೆ. ಆ ಮನುಷ್ಯ ಉಳಿದನೋ ಇಲ್ಲವೋ ನಮಗೆ ಯಾರೂ ಹೇಳುವುದಿಲ್ಲ. ಅಂಥ ಒಂದು ಕರೆ ಮುಗಿದಾಗ ನಾವು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂರುತ್ತಿದ್ದೆವು. ಒಬ್ಬರು ಅಳುತ್ತಿದ್ದರು, ಇನ್ನೊಬ್ಬರು ಕಿತ್ತಳೆ ಸುಲಿಯುತ್ತಿದ್ದರು, ನಾವೆಲ್ಲ ಮಾವ ಎಂದು ಕರೆಯುವ ಹಿರಿಯರು ಸುಮ್ಮನೆ ಗೋಡೆಯ ಬಿರುಕು ನೋಡುತ್ತಿದ್ದರು. ನಾನು ಸೇರಿದ ದಿನವೇ ದೊಡ್ಡಕ್ಕ ಹೇಳಿದ್ದರು: "ನೋಡಮ್ಮ, ಯಾರಾದ್ರೂ ಗೋಡೆ ಕಡೆ ತಿರುಗಿದ್ರೆ ಮಾತಾಡಿಸ್ಬೇಡ. ಅವರ ಕರೆ ನೀನೇ ತಗೋ. ತಾವಾಗೇ ತಿರುಗ್ತಾರೆ." ಅಷ್ಟೇ ನಮ್ಮ ಏರ್ಪಾಡು. ಅದಕ್ಕೆ ಸುತ್ತೋಲೆಯಿರಲಿಲ್ಲ, ಸಮಿತಿಯಿರಲಿಲ್ಲ. ಬಹುಶಃ ಅದೇ ಅದರ ದೊಡ್ಡ ದೋಷವಾಗಿತ್ತು.

ಒಂದು ದಿನ ತಾವು ಅತಿಥಿಗಳನ್ನು ಕರೆದುಕೊಂಡು ಬಂದಿರಿ. ಗೋಡೆಗೆ ಮುಖ ಮಾಡಿದ್ದ ಎರಡು ಕುರ್ಚಿ ನೋಡಿ, "ಏನ್ರೀ, ಇವರು ಮುನಿಸ್ಕೊಂಡಿದ್ದಾರಾ?" ಎಂದಿರಿ. ಅತಿಥಿಗಳು ನಕ್ಕರು. ಆ ಎರಡರಲ್ಲಿ ಒಂದರಲ್ಲಿ ನಾನಿದ್ದೆ. ನನಗೆ ನಗು ಬರಲಿಲ್ಲ, ಕ್ಷಮಿಸಿ. ಸ್ವಲ್ಪ ದಿನದಲ್ಲೇ ಬೋಲ್ಟ್ ಬಂತು. ಜೊತೆಗೆ, ಒಂದು ಕರೆ ಮುಗಿದ ಕೂಡಲೇ ಮುಂದಿನದು ತಾನಾಗಿ ಕಿವಿಗೆ ಬೀಳುವ ವ್ಯವಸ್ಥೆಯೂ ಬಂತು. ಪಕ್ಕದವರು ಎತ್ತಿಕೊಳ್ಳುವಂತಿಲ್ಲ.

ಕಿತ್ತುಕೊಂಡದ್ದಕ್ಕೆ ಪ್ರತಿಯಾಗಿ ಒತ್ತಡ ನಿರ್ವಹಣಾ ತರಬೇತಿ ಕೊಟ್ಟಿರಿ. ಸುಳ್ಳೇಕೆ ಹೇಳಲಿ, ತರಬೇತುದಾರರು ಕಲಿಸಿದ ಉಸಿರಾಟದಿಂದ ನನ್ನ ಕುತ್ತಿಗೆ ನೋವು ಸ್ವಲ್ಪ ಇಳಿದಿದೆ. ಆದರೆ ಒತ್ತಡವೆಂಬುದು ನಮ್ಮ ಮನಸ್ಸಿನ ಸೃಷ್ಟಿ ಎಂದರು. ಕಣ್ಣು ಮುಚ್ಚಿ, ಕಾಡುವ ದನಿಗಳನ್ನೆಲ್ಲ ದೂರ ಕಳಿಸಿ ಎಂದರು. ಮಾವ ಕೈಯೆತ್ತಿ, "ಅವನ್ನ ದೂರ ಕಳಿಸಿದ್ರೆ ಆಂಬುಲೆನ್ಸ್ ಎಲ್ಲಿಗೆ ಕಳಿಸೋದು ಸಾರ್?" ಎಂದು ಕೇಳಿದರು. ತರಬೇತುದಾರರು ಒಳ್ಳೆಯ ಪ್ರಶ್ನೆ ಎಂದು ಹೇಳಿ ಮುಂದಿನ ಚಿತ್ರ ತೋರಿಸಿದರು.

ಇನ್ನು ಆ ದಿನದ ಸಂಗತಿ. ಹೆಂಡತಿ ಉಸಿರಾಡುತ್ತಿಲ್ಲ ಎಂದು ಒಬ್ಬಾತ ಕರೆ ಮಾಡಿದ. ದೊಡ್ಡಕ್ಕ ತಗೊಂಡರು. "ಎದೆ ಮಧ್ಯೆ ಎರಡೂ ಕೈ ಇಡಿ. ಒತ್ತಿ. ನಿಲ್ಲಿಸ್ಬೇಡಿ, ನಾನಿದ್ದೀನಿ, ಒತ್ತಿ." ಆತ ಅಳುತ್ತ ಒತ್ತುತ್ತಿದ್ದ, ಇವರು ಅವನ ಜೊತೆ ತಾಳ ಕೊಡುತ್ತಿದ್ದರು. ಆಂಬುಲೆನ್ಸಿನವರು ಬಂದರು. "ಆಗೋಯ್ತು, ಬಿಡಿ ಸಾರ್" ಎಂದದ್ದು ಕರೆ ಕಡಿಯುವ ಮುನ್ನ ದೊಡ್ಡಕ್ಕನ ಕಿವಿಗೂ ಬಿತ್ತು. ಅವರ ಕಾಲು ನೆಲವನ್ನು ಒದ್ದು ಕುರ್ಚಿ ತಿರುಗಿಸಲು ನೋಡಿತು. ಕುರ್ಚಿ ಅಲುಗಲಿಲ್ಲ. ಅಷ್ಟರಲ್ಲಿ ಮುಂದಿನ ಕರೆ ಬಿದ್ದೇಬಿಟ್ಟಿತು.

ಬಚ್ಚಲುಮನೆಯಲ್ಲಿ ಅಜ್ಜಿ ಬಿದ್ದಿದ್ದಾರೆ ಎಂದು ಒಬ್ಬ ಮೊಮ್ಮಗಳು ಮಾಡಿದ ಕರೆ ಅದು. ದೊಡ್ಡಕ್ಕ ಸಮಾಧಾನದ ದನಿಯಲ್ಲಿ ಎಲ್ಲವನ್ನೂ ಕೇಳಿ, ವಿಳಾಸ ಟೈಪು ಮಾಡಿ, ಗಾಡಿ ಕಳಿಸಿದರು. ಅವರು ಟೈಪು ಮಾಡಿದ್ದು ಆ ಮೊದಲಿನವನ ಮನೆಯ ವಿಳಾಸವನ್ನು.

ಆ ಗಾಡಿಯ ಚಾಲಕ ನನಗೆ ಹೇಳಿದ: "ಬಾಗಿಲು ತೆಗೆದು ನನ್ನನ್ನೇ ನೋಡ್ದ ಮೇಡಂ. 'ಮತ್ತೆ ಬಂದ್ರಾ? ಇನ್ನೂ ಏನಾದ್ರೂ ಮಾಡ್ಬಹುದಾ?' ಅಂದ. ನಾನು ಏನು ಹೇಳ್ಲಿ?"

ಅಜ್ಜಿ ಒದ್ದೆ ನೆಲದ ಮೇಲೆ ಬಹಳ ಹೊತ್ತು ಬಿದ್ದಿದ್ದರು. ಬದುಕಿದ್ದಾರೆ. ಸೊಂಟದ ಮೂಳೆ ಮುರಿದಿದೆ, ಮತ್ತೆ ನಡೆಯುವುದು ಅನುಮಾನ. ತಪ್ಪು ಸಣ್ಣದೆಂದು ನಾನು ಹೇಳುತ್ತಿಲ್ಲ, ದೊಡ್ಡಕ್ಕನೂ ಹೇಳುತ್ತಿಲ್ಲ. ನೋಡಲು ಹೋದಾಗ ಅವರು ಕೆಲಸದ ಮಾತೇ ಎತ್ತಲಿಲ್ಲ. "ಆ ಅಜ್ಜಿ ಎದ್ದು ಕೂತ್ಕೋತಾರಂತಾ?" ಎಂದಷ್ಟೇ ಕೇಳಿದರು. ಅವರ ಮಗಳು ನನ್ನನ್ನು ಬಾಗಿಲವರೆಗೆ ಬಿಟ್ಟು, "ಅಮ್ಮ ಮನೆ ಫೋನ್ ರಿಂಗ್ ಆದ್ರೆ ಎದ್ದು ಹೊರಗೆ ಹೋಗ್ತಾಳೆ ಆಂಟಿ" ಎಂದಳು.

ನಿಮ್ಮ ಆರೋಪಪಟ್ಟಿಯಲ್ಲಿ ಏನಿದೆ? ಕರ್ತವ್ಯದಲ್ಲಿ ಗಮನಹೀನತೆ. ಅದರ ಕೆಳಗೆ, ಒತ್ತಡ ನಿರ್ವಹಣಾ ತರಬೇತಿಗೆ ಗೈರುಹಾಜರಿ. ಭೇಷ್! ನಾವೆಲ್ಲ ತರಬೇತಿಗೆ ಹೋಗಿ ಕಣ್ಣು ಮುಚ್ಚಿ ಕೂತಿದ್ದಾಗ ಊರಿನ ಕರೆಗಳನ್ನು ಯಾರು ಎತ್ತುತ್ತಿದ್ದರು ಎಂದು ನೀವು ಯಾರನ್ನಾದರೂ ಕೇಳಿದಿರಾ? ದೊಡ್ಡಕ್ಕನೇ. ಹೋಗಿ ಬನ್ನಿ, ನಾನು ನೋಡ್ಕೋತೀನಿ ಎಂದು ನಮ್ಮನ್ನು ಕಳಿಸಿದ್ದರು.

ದೊಡ್ಡಕ್ಕನನ್ನು ಕೆಲಸಕ್ಕೆ ವಾಪಸು ಕರೆಸಿ, ಬೋಲ್ಟ್ ಕೀಳಿಸಿ. ಇದು ನಮ್ಮ ಬೇಡಿಕೆ. ಒಪ್ಪುವ ಮನಸ್ಸಿಲ್ಲದಿದ್ದರೆ ವಿಚಾರಣೆಗೆ ಮೊದಲು ಇಷ್ಟು ಮಾಡಿ. ನಿಮ್ಮ ಬಳಿ ಎರಡೂ ಕರೆಗಳ ಧ್ವನಿಮುದ್ರಣವಿದೆ. ಹೆಡ್‌ಫೋನು ಹಾಕಿಕೊಂಡು, ನಮ್ಮ ಕುರ್ಚಿಯಲ್ಲೇ ಕೂತು, ಒಂದರ ಬೆನ್ನಿಗೆ ಒಂದನ್ನು ಕೇಳಿ. ನಡುವೆ ನಿಲ್ಲಿಸಬೇಡಿ. ನೀರು ಕುಡಿಯಬೇಡಿ. ಮೊಮ್ಮಗಳು ತನ್ನ ಮನೆಯ ವಿಳಾಸವನ್ನು ಬಿಡಿಸಿ ಬಿಡಿಸಿ ಹೇಳುತ್ತಾಳೆ. ಕೇಳಿ ಮುಗಿದ ಕೂಡಲೇ ಅದನ್ನು ಎಲ್ಲರೆದುರು ಒಮ್ಮೆ ಹೇಳಿ. ತಪ್ಪಿಲ್ಲದೆ ಹೇಳಿದರೆ ದೊಡ್ಡಕ್ಕನನ್ನು ಕಾಯಂ ಆಗಿ ಮನೆಗೆ ಕಳಿಸಿ, ನಾವು ಬಾಯಿ ಬಿಡುವುದಿಲ್ಲ.

ಇಂತಿ,
ಇದು ಅಚ್ಚಾಗುವ ಹೊತ್ತಿಗೆ ತಾನೂ ಅಮಾನತಾಗಿರಬಹುದಾದ,
ದೊಡ್ಡಕ್ಕನ ಪಕ್ಕದ ಲೈನಿನವಳು