ನೀಲಿ ಟ್ರಂಪೆಟ್

ನವೆಂಬರ್ 18, ಸಂಜಿ

ಮರಳಿ ಊರಿನ ಮದುವಿ ಮುಗಿಸಿ ಬಂದೆ. ನನ್ನ ಹಿತ್ತಾಳಿ ಟ್ರಂಪೆಟ್ ಒರಿಸಿಟ್ಟೆ. ನಮ್ಮ ಬ್ಯಾಂಡಿನ ಹುಡುಗ ಯಂಕೇಶ ಪ್ಲಾಸ್ಟಿಕ್ಕಿನ ಟ್ರಂಪೆಟ್ ತಂದಾನ. ಕೆಂಪು! ಹುಡುಗ್ರ ಪೀಪಿ ಹಂಗ ಐತಿ. ಇಪ್ಪತ್ತೆಂಟು ವರ್ಷ ಈ ಬ್ಯಾಂಡಿನಾಗ ಮುಂದ ನಿಂತು ಊದೀನಿ. ಇವತ್ತು ಮಾಲಕ ಜಿಲಾನಸಾಬ ಅವನ್ನ ಮುಂದ ನಿಲ್ಲಿಸಿದ. ಫೋಟೋದಾಗ ಛಲೋ ಕಾಣ್ತೈತಂತ. ಫೋಟೋ ಅಂತ ಫೋಟೋ!

ನವೆಂಬರ್ 21

ಟೆಂಪೋದಾಗ ಎಲ್ಲಾರ ಮುಂದ ಅಂದೆ — "ಬಕೇಟಿನ್ಯಾಗ ಕೂಗಿದಂಗ ಐತಲೇ ಯಂಕ್ಯಾ."

"ನಿಮ್ಮದು ಬಿದ್ರ ನೆಗ್ಗತೈತಿ ಕಾಕಾ. ಇದಕ ಏನೂ ಆಗಂಗಿಲ್ಲ."

ನೆಗ್ಗಿದ್ರ ಬಡಿದು ಸರಿ ಮಾಡಬಹುದು. ಅದು ಸೀಳಿದ್ರ? ತಿಪ್ಪಿಗೆ. ಭಾಳ ಮಾತು ಬಂದಾವ ಇವನಿಗೆ.

ಡಿಸೆಂಬರ್ 3

ಜಿಲಾನಸಾಬ ನನಗೂ ಒಂದು ತಂದಾನ. ನೀಲಿ. "ಇದನ್ನ ಊದ್ರಿ ಹೊನ್ನೂರಪ್ಪಣ್ಣ. ಇಲ್ಲಾಂದ್ರ ಬ್ಯಾರೆ ಬ್ಯಾಂಡ್ ನೋಡ್ಕೋರಿ."

ಐವತ್ತಾರಕ್ಕ ಬಂದವನ್ನ ಯಾವ ಬ್ಯಾಂಡಿನವ ತಗೋತಾನ?

ಡಿಸೆಂಬರ್ 5

ಬಾಗ್ಲಾ ಹಾಕ್ಕೊಂಡು ಊದಿದೆ. ಮ್ಯಾಲಿನ ಸ್ವರದಾಗ ಹಿತ್ತಾಳಿ ಖಣಖಣ ಇಲ್ಲ, ಖರೇ. ಆದ್ರ ಅಪಸ್ವರನೂ ಇಲ್ಲ. ಹಗುರ. ಭುಜ ನೋಯ್ಲಿಲ್ಲ. ಅಲುಗಾಡೋ ಹಲ್ಲಿಗೂ ಆರಾಮ... ಇದಿದ್ರ ಇನ್ನಾ ಐದು ವರ್ಷ ಊದಬಹುದು. ಹಾಳಾದ್ದು! ಸಿಟ್ಟು ಇನ್ನಾ ಹೆಚ್ಚಾತು. ಯಾರಿಗೂ ಹೇಳಂಗಿಲ್ಲ.

ಡಿಸೆಂಬರ್ 9, ಮಧ್ಯಾಹ್ನ

ಹೇಮಗುಡ್ಡದಾಗ ಮುಂಜಾನಿ ಮದುವಿ. ಥಂಡಿ. ಹಲಗಿಯವರು ಬೆಂಕಿ ಹಾಕಿ ಹಲಗಿ ಕಾಸಾಕತ್ತಿದ್ರು. ಥಂಡ್ಯಾಗ ಹಿತ್ತಾಳಿ ಸ್ವರ ಇಳೀತೈತಿ, ಅದಕ ನಾನೂ ಅಲ್ಲೇ ಇಟ್ಟು ಬೆಚ್ಚಗ ಮಾಡ್ತಿದ್ದೆ, ಮೊದಲಿಂದ್ಲೂ. ಇವತ್ತು ನೀಲಿದನ್ನೂ ಕೈ ತನ್ನಷ್ಟಕ್ಕ ತಾನ ಅಲ್ಲೇ ಇಟ್ಟುಬಿಟ್ಟೈತಿ. ಚಾ ಕುಡಿದು ಬಂದು ನೋಡಿದ್ರ — ಅದರ ನೀಲಿ ಬಾಯಿ ಕರಗಿ ಜೋತು ಬಿದ್ದೈತಿ. ಕೆಟ್ಟ ವಾಸನಿ.

"ಇಷ್ಟು ದಿನ ಬೈದ್ರಿ. ಈಗ ಸುಟ್ಟ ಬಿಟ್ರಿ," ಅಂದ ಜಿಲಾನಸಾಬ.

ರೂಢಿ ಸಾಬ, ಮರೆತೆ ಅಂದೆ. ಯಂಕೇಶ ನಕ್ಕ. ಅವನ ಹಲ್ಲು ಉದುರಿಸಬೇಕು ಅನಿಸ್ತು.

"ನಾಳಿಯಿಂದ ಬರಬ್ಯಾಡ್ರಿ," ಅಂದ ಜಿಲಾನಸಾಬ.

ಡಿಸೆಂಬರ್ 16

ಮನ್ಯಾಗ ಕುಂತು ವಾರಾತು. ಹೆಂಡ್ತಿ ದುರುಗವ್ವ ರೊಟ್ಟಿ ಬಡಿಯೋದು ನಿಲ್ಲಿಸಿ ಕೇಳಿದಳು — "ಖರೇ ಹೇಳ್ರಿ, ಬೇಕಂತ ಮಾಡಿದ್ರೇನು?"

ನಿನ್ನಾಣಿ ಇಲ್ಲ ಅಂದೆ. ನನಗ ಆ ನೀಲಿ ಟ್ರಂಪೆಟ್ ಬೇಕಾಗಿತ್ತು ಅಂದೆ. ಮೊದಲ ಸಲ ಬಾಯಿ ಬಿಟ್ಟು ಹೇಳಿದೆ.

ನನ್ನ ಮಾರಿ ನೋಡಿದಳು. "ಹೋಗ್ಲಿ ಬಿಡ್ರಿ," ಅಂದಳು.

ಮೂವತ್ತು ವರ್ಷ ಸಂಸಾರ ಮಾಡಿದಾಕಿ. ಆಕಿನೂ ನಂಬಲಿಲ್ಲ.