ಕಲ್ಯಾಣದಲ್ಲಿ ಕೊಂಡ ಮೋಸಂಬಿ

ಅವ್ವಾ,

ಇಲ್ಲಿ ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳ ನಡುವೆ ನಮ್ಮಂಥ ಹೆಂಗಸರಿಗೆ ರವಿವಾರ ಇಂಗ್ಲಿಷ್ ಕಲಿಸುತ್ತಾರೆ. ನಾನೂ ಹೋಗುತ್ತಿದ್ದೇನೆ. ನೀನಿದ್ದರೆ ನಗುತ್ತಿದ್ದೆ.

ಇವತ್ತು ಉಡುಪಿ ಕಡೆಯ ಜಯಲತಾ ಟೀಚರ್, ಆಗಿಹೋದ ಎರಡು ಸಂಗತಿಗಳನ್ನು ಒಂದೇ ವಾಕ್ಯದಲ್ಲಿ ಕೂಡಿಸುವುದನ್ನು ಹೇಳಿಕೊಟ್ಟರು. ಬಿಫೋರ್ ಅಂದರೆ ಮೊದಲು, ಆಫ್ಟರ್ ಅಂದರೆ ಆಮೇಲೆ. ಎಲ್ಲರೂ ತಂತಮ್ಮ ಸಂಗತಿಯನ್ನೇ ಹೇಳಬೇಕಿತ್ತು. ಗಂಡ ಉಂಡ ಮೇಲೆ ತಾನು ಪಾತ್ರೆ ತೊಳೆದೆ ಎಂದು ಒಬ್ಬಾಕೆ ಹೇಳಿದಳು. "ಅವರಿಗೇ ತೊಳೀಲಿಕ್ಕೆ ಹೇಳು ಮಾರಾಯ್ತಿ," ಎಂದರು ಟೀಚರ್. ಎಲ್ಲರೂ ನಕ್ಕರು.

ನನ್ನ ಸರದಿ ಬಂದಾಗ, ಅವ್ವ ತೀರಿದ ಮೇಲೆ ಅವಳಿಗೆ ಮೋಸಂಬಿ ಕೊಂಡೆ ಎಂದು ಆಫ್ಟರ್ ಹಾಕಿ ಹೇಳಿದೆ.

ಅಂದು ತಮ್ಮ ಸಂಗಮೇಶ ಫೋನಿನಲ್ಲಿ, "ಅಕ್ಕಾ, ಅವ್ವಗ ಸೀರಿಯಸ್ ಅದ, ಲಗೂನ ಬಾ," ಎಂದಿದ್ದ. ರಸ ಹಿಂಡಿ ಕುಡಿಸಬಹುದೆಂದು ಕಲ್ಯಾಣ ಸ್ಟೇಷನ್ನಿನಲ್ಲಿ ಹಣ್ಣು ಕೊಂಡು ರೈಲು ಹತ್ತಿದೆ. ಊರು ಮುಟ್ಟಿದಾಗ ನಿನ್ನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಕೊರಳಿನ ಹಾರ ಆಗಲೇ ಬಾಡಿತ್ತು. ಫೋನು ಬರುವ ಮೊದಲೇ ನೀನು ಹೋಗಿದ್ದೆ. ದಾರಿಯಲ್ಲಿ ನಾನೊಬ್ಬಳೇ ಅಳಬಾರದೆಂದು ಅವನು ಸುಳ್ಳು ಹೇಳಿದ್ದ.

ಟೀಚರಿಗೆ ಇದೆಲ್ಲ ಗೊತ್ತಿಲ್ಲ. "ಹೋದವರಿಗೆ ಯಾರಾದರೂ ಹಣ್ಣು ತಗೊಳ್ತಾರಾ? ಇಲ್ಲಿ ಬಿಫೋರ್ ಬರ್ಬೇಕು," ಎಂದು ಮೆಲ್ಲಗೆ ತಿದ್ದಿ, ಬೋರ್ಡಿನ ಮೇಲೆ ಬರೆದರು: ಅವ್ವ ತೀರುವ ಮೊದಲು ನಾನು ಅವಳಿಗೆ ಮೋಸಂಬಿ ಕೊಂಡೆ.

ಅದನ್ನು ಎಲ್ಲರೂ ಗಟ್ಟಿಯಾಗಿ ಓದಿದರು, ಅವ್ವಾ. ನಾನೂ ಓದಿದೆ. ಇನ್ನೊಮ್ಮೆ ಓದಿಸುತ್ತಾರೇನೋ ಎಂದು ಕಾದೆ.